ಲ್ಯಾಬ್ ರಿಪೋರ್ಟಿನಲ್ಲಿ ಕಣ್ಣಿನ ಸುದ್ದಿ ಎಲ್ಲೆಲ್ಲಿ ಇರುತ್ತದೆ

ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರಲ್ಲ, ಆ 6.5 ಬಂದದ್ದು ಕಣ್ಣಿನಿಂದ. ಸಾವಿರಾರು ಜನರ ರಕ್ತದ ಸಕ್ಕರೆಯನ್ನೂ ಅವರ ರೆಟಿನಾದ (ಕಣ್ಣಿನ ಹಿಂಬದಿಯ, ಬೆಳಕು ಹಿಡಿಯುವ ಪೊರೆ) ಫೋಟೊಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಒಂದು ಮಟ್ಟದವರೆಗೆ ಸಕ್ಕರೆಯಿಂದಾದ ರಕ್ತಕಲೆಗಳು ತೀರಾ ವಿರಳ, ಅಲ್ಲಿಂದಾಚೆ ಏರಿಕೆ ಶುರು ಎಂಬುದು ಕಂಡಿತು. ಖಾಲಿ ಹೊಟ್ಟೆಯ ಸಕ್ಕರೆಯ ಗಡಿಯನ್ನು 1997ರಲ್ಲಿ 140ರಿಂದ 126ಕ್ಕೆ ಇಳಿಸಿದಾಗಲೂ, 2009ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ 6.5 ಅನ್ನು ಸೂಚಿಸಿದಾಗಲೂ ಮುಖ್ಯ ಆಧಾರವಾಗಿದ್ದದ್ದು ರೆಟಿನಾ.

ಹಾಗಿದ್ದ ಮೇಲೆ ರಕ್ತ ನೋಡಿಯೇ ಕಣ್ಣಿನ ಸ್ಥಿತಿ ಹೇಳಬಹುದಲ್ಲ, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಅರ್ಧ ದಿನ ಮಂಜುಗಣ್ಣಲ್ಲಿ ಕೂರುವುದೇಕೆ ಎಂದು ಬಹಳ ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ರಕ್ತ ಹೇಳುವುದು ರೆಟಿನಾದ ಮೇಲೆ ಎಷ್ಟು ಹೊರೆ ಬೀಳುತ್ತಿದೆ, ಅದು ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು. ಅಲ್ಲಿ ಈಗಾಗಲೇ ಏನು ಕೆಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ರಿಪೋರ್ಟಿನ ಪ್ರತಿ ಸಾಲಿನಿಂದಲೂ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ.

ಎಚ್‌ಬಿಎ1ಸಿ: ನಂಬಬೇಕು, ಆದರೆ ತಾಳೆ ನೋಡಿ

ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1441 ಮಂದಿ ಟೈಪ್ 1 ರೋಗಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನದಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿ ಸುಮಾರು 7, ಇನ್ನೊಂದರದ್ದು ಸುಮಾರು 9 ಇತ್ತು. ಶುರುವಿನಲ್ಲಿ ಕಣ್ಣು ಚೆನ್ನಾಗಿದ್ದವರ ಪೈಕಿ, ಬಿಗಿಯಾಗಿ ಸಕ್ಕರೆ ಹಿಡಿದವರಲ್ಲಿ ರೆಟಿನೋಪತಿ, ಅಂದರೆ ಸಕ್ಕರೆಯಿಂದ ರೆಟಿನಾ ಕೆಡುವ ಕಾಯಿಲೆ, ಹುಟ್ಟುವ ಅಪಾಯ ಶೇ. 76ರಷ್ಟು ತಗ್ಗಿತು. ಟೈಪ್ 2 ರೋಗಿಗಳ ಮೇಲೆ ಬ್ರಿಟನ್‌ನಲ್ಲಿ ನಡೆದು 2000ರಲ್ಲಿ ಪ್ರಕಟವಾದ ಯುಕೆಪಿಡಿಎಸ್ ಲೆಕ್ಕದಲ್ಲಿ, ಎಚ್‌ಬಿಎ1ಸಿ ಒಂದು ಅಂಕ ಕಡಿಮೆ ಇದ್ದಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಶೇ. 37ರಷ್ಟು ಕಡಿಮೆ ಇತ್ತು. ಇಷ್ಟು ಬಲದ ಸಾಕ್ಷ್ಯ ಬೇರೆ ಯಾವ ರಕ್ತ ಪರೀಕ್ಷೆಗೂ ಇಲ್ಲ.

ಆದರೂ ಅದೇ ಡಿಸಿಸಿಟಿಯ ಅಂಕಿಗಳನ್ನು ಮತ್ತೆ ಜಾಲಾಡಿದಾಗ, ಒಬ್ಬರಿಂದ ಒಬ್ಬರಿಗೆ ರೆಟಿನೋಪತಿಯ ಅಪಾಯದಲ್ಲಿ ಕಾಣುವ ವ್ಯತ್ಯಾಸದ ಶೇ. 11ರಷ್ಟನ್ನು ಮಾತ್ರ ಎಚ್‌ಬಿಎ1ಸಿ ಮತ್ತು ಕಾಯಿಲೆಯ ಅವಧಿ ಸೇರಿ ವಿವರಿಸುತ್ತವೆ ಎಂದು ಕಂಡಿತು. ಗುಂಪಿನ ಮಟ್ಟಿಗೆ ಅದ್ಭುತ ಮಾಪಕ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವಾಗ ಸಾಧಾರಣ. 9.5 ಇದ್ದೂ ಹದಿನೈದು ವರ್ಷ ಕಣ್ಣು ಸ್ವಚ್ಛ ಇರುವವರು, 7.2 ಇದ್ದೂ ಲೇಸರ್ ಮಾಡಿಸಿಕೊಳ್ಳಬೇಕಾದವರು ಇಬ್ಬರೂ ಇರುವುದು ಇದರಿಂದಲೇ.

ಇನ್ನೊಂದು ಕಾರಣ, ರೆಟಿನಾಕ್ಕೆ ಹಳೆಯ ಲೆಕ್ಕ ನೆನಪಿರುತ್ತದೆ. ಡಿಸಿಸಿಟಿ ಮುಗಿದ ಮೇಲೆ ಎರಡೂ ಗುಂಪಿನ ಎಚ್‌ಬಿಎ1ಸಿ ಸುಮಾರು 8ಕ್ಕೆ ಬಂದು ಸೇರಿಕೊಂಡಿತು. ಆದರೂ ಮೊದಲು ಬಿಗಿಯಾಗಿದ್ದವರ ಕಣ್ಣು ಆಮೇಲೆ ಎಷ್ಟೋ ವರ್ಷ ಹೆಚ್ಚು ಸುರಕ್ಷಿತವಾಗಿ ಉಳಿಯಿತು. ಇವತ್ತಿನ 6.8 ಎರಡು-ಮೂರು ತಿಂಗಳ ಕಥೆಯನ್ನಷ್ಟೇ ಹೇಳುತ್ತದೆ, ಅದರಲ್ಲೂ ಅರ್ಧ ಭಾಗ ಕಳೆದ ಒಂದು ತಿಂಗಳದ್ದು. ಎಂಟು ವರ್ಷದ ಹಿಂದೆ 11 ಇದ್ದದ್ದು ಇವತ್ತಿನ ರಿಪೋರ್ಟಿನಲ್ಲಿ ಕಾಣದು. ಹಾಗಾಗಿ ಕಣ್ಣಿನ ಡಾಕ್ಟರ ಬಳಿ ಹೋಗುವಾಗ ಕೊನೆಯ ರಿಪೋರ್ಟ್ ಒಂದೇ ಸಾಲದು. ಹಳೆಯವನ್ನೆಲ್ಲ ಒಂದು ಹಾಳೆಯಲ್ಲಿ ತಾರೀಕು ಸಹಿತ ಬರೆದುಕೊಂಡು ಹೋಗಿ.

ಈಗ ತಪ್ಪು ದಾರಿಗೆ ಎಳೆಯುವ ಸಂಗತಿಗಳು. ನಮ್ಮಲ್ಲಿ ಅತಿ ಸಾಮಾನ್ಯವಾದದ್ದು ಕಬ್ಬಿಣದ ಕೊರತೆಯ ರಕ್ತಹೀನತೆ. ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕಬ್ಬಿಣ ಕಡಿಮೆಯಾದಾಗ ಹೊಸ ಕೆಂಪು ಕಣಗಳ ಹುಟ್ಟು ನಿಧಾನವಾಗುತ್ತದೆ, ಇರುವ ಕಣಗಳ ಸರಾಸರಿ ವಯಸ್ಸು ಹೆಚ್ಚುತ್ತದೆ. ಹೆಚ್ಚು ದಿನ ಸಕ್ಕರೆಯಲ್ಲಿ ನೆನೆದ ಕಣಗಳೇ ಉಳಿಯುವುದರಿಂದ ಸಕ್ಕರೆ ಏರದೆಯೂ ಎಚ್‌ಬಿಎ1ಸಿ ಏರಿಬಿಡುತ್ತದೆ. ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಹೊಸ ಕಣಗಳು ದಂಡಿಯಾಗಿ ಬಂದು ಅದು ಇಳಿಯುತ್ತದೆ. ಆ ಇಳಿಕೆಯನ್ನು ಡಯಟ್ಟಿನ ಫಲ ಎಂದು ಸಂಭ್ರಮಿಸುವುದು, ಮೊದಲಿನ ಏರಿಕೆ ನೋಡಿ ಸಕ್ಕರೆ ಕಾಯಿಲೆಯ ಮಾತ್ರೆ ಹೆಚ್ಚಿಸಿ ಶುಗರ್ ಲೋ ಮಾಡಿಕೊಳ್ಳುವುದು ಎರಡೂ ನಡೆಯುತ್ತವೆ.

ತದ್ವಿರುದ್ಧ ದಿಕ್ಕಿನಲ್ಲಿ, ಕೆಂಪು ಕಣಗಳ ಆಯಸ್ಸು ಕಡಿಮೆಯಾದರೆ ಅಂಕಿ ಸುಳ್ಳೇ ಇಳಿಯುತ್ತದೆ. ಇತ್ತೀಚೆಗೆ ರಕ್ತಸ್ರಾವವಾದವರು, ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿದ್ದು ಕೆಂಪು ಕಣ ಹೆಚ್ಚಿಸುವ ಎರಿಥ್ರೊಪೊಯಿಟಿನ್ ಚುಚ್ಚುಮದ್ದು ಪಡೆಯುವವರು, ಗರ್ಭಿಣಿಯರು, ಸಿಕಲ್ ಸೆಲ್ ಅಥವಾ ಥಲಸೇಮಿಯದಂಥ ಹಿಮೋಗ್ಲೋಬಿನ್ ವ್ಯತ್ಯಾಸ ಇರುವವರು ಈ ಪಟ್ಟಿಯಲ್ಲಿ ಬರುತ್ತಾರೆ. ರಿಪೋರ್ಟಿನಲ್ಲಿ ಎಚ್‌ಪಿಎಲ್‌ಸಿ ವಿಧಾನ ಎಂದಿದ್ದರೆ ಜೊತೆಗೆ ಒಂದು ಗ್ರಾಫ್ ಇರುತ್ತದೆ. ಅದರ ಕೆಳಗೆ ಬೇರೆ ಬಗೆಯ ಹಿಮೋಗ್ಲೋಬಿನ್ ಇರಬಹುದೆಂಬ ಟಿಪ್ಪಣಿ ಇದ್ದರೆ ಶೇಕಡಾ ಅಂಕಿಯನ್ನು ಹಾಗೇ ಒಪ್ಪಬೇಡಿ.

ತಾಳೆ ನೋಡುವ ಲೆಕ್ಕ ಸುಲಭ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ. ಬರುವುದು ಸರಾಸರಿ ಸಕ್ಕರೆ, ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. 7ಕ್ಕೆ 154, 8ಕ್ಕೆ 183, 9ಕ್ಕೆ 212. ಮನೆಯ ಗ್ಲುಕೋಮೀಟರಿನಲ್ಲಿ ಎರಡು ವಾರ ಬೆಳಿಗ್ಗೆ 110ರ ಆಸುಪಾಸು, ಊಟವಾಗಿ ಎರಡು ಗಂಟೆಗೆ 160 ಬರುತ್ತಿದ್ದು ಲ್ಯಾಬ್ ಮಾತ್ರ 9 ಎಂದರೆ ಎರಡರಲ್ಲಿ ಒಂದು ತಪ್ಪು. ಮೊದಲು ಹಿಮೋಗ್ಲೋಬಿನ್, ಎಂಸಿವಿ (ಕೆಂಪು ಕಣದ ಗಾತ್ರ), ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ನೋಡಿಸಿ. ಆಗಲೂ ಬಗೆಹರಿಯದಿದ್ದರೆ ಫ್ರಕ್ಟೋಸಮೈನ್ ಅಥವಾ ಗ್ಲೈಕೇಟೆಡ್ ಆಲ್ಬುಮಿನ್ ಎಂಬ ಪರೀಕ್ಷೆಗಳಿವೆ. ಇವು ಕೆಂಪು ಕಣವನ್ನು ಬಿಟ್ಟು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆದು ಎರಡು-ಮೂರು ವಾರದ ಚಿತ್ರ ಕೊಡುತ್ತವೆ. ಮೂತ್ರದಲ್ಲಿ ಪ್ರೋಟೀನ್ ವಿಪರೀತ ಹೋಗುತ್ತಿರುವವರಲ್ಲಿ ಇವೂ ಸುಳ್ಳೇ ಕಡಿಮೆ ತೋರಿಸುತ್ತವೆ.

ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಡ. ಮೂರು ತಿಂಗಳಿಗಿಂತ ಬೇಗ ಮತ್ತೆ ಮಾಡಿಸಿದರೆ ಹೆಚ್ಚು ಅರ್ಥವಿಲ್ಲ. ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು, ಏಕೆಂದರೆ 7.2 ಹೋಗಿ 7.4 ಆಯಿತು ಎಂಬಷ್ಟು ಏರಿಳಿತ ಯಂತ್ರದ್ದೇ ಇರಬಹುದು.

ಅಂಕಿ ಧಡಕ್ಕನೆ ಇಳಿದಾಗ

ಇದನ್ನು ಯಾಕೆ ಜೋರಾಗಿ ಹೇಳುವುದಿಲ್ಲವೋ ಗೊತ್ತಿಲ್ಲ. ಬಹಳ ದಿನ ಏರಿದ್ದ ಸಕ್ಕರೆ ವೇಗವಾಗಿ ಇಳಿದಾಗ, ರೆಟಿನೋಪತಿ ಇರುವ ಕಣ್ಣು ಕೆಲವು ತಿಂಗಳು ಕೆಡಬಹುದು. ಡಿಸಿಸಿಟಿಯಲ್ಲೇ 6ರಿಂದ 12 ತಿಂಗಳ ತಪಾಸಣೆಯಲ್ಲಿ ಬಿಗಿ ನಿಯಂತ್ರಣದವರಲ್ಲಿ ಶೇ. 13.1, ಸಾಧಾರಣ ಚಿಕಿತ್ಸೆಯವರಲ್ಲಿ ಶೇ. 7.6 ಮಂದಿಗೆ ಹೀಗಾಯಿತು. ಸಕ್ಕರೆ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಸಸ್ಟೇನ್-6 ಪರೀಕ್ಷೆಯಲ್ಲೂ (2016) ರೆಟಿನೋಪತಿಯ ತೊಡಕುಗಳು ಮದ್ದು ಪಡೆದವರಲ್ಲಿ ಶೇ. 3.0, ಮದ್ದಿಲ್ಲದ ಗುಂಪಿನಲ್ಲಿ ಶೇ. 1.8. ಹೆಚ್ಚಿನವು ಮೊದಲೇ ರೆಟಿನೋಪತಿ ಇದ್ದವರಲ್ಲಿ ಆದವು. ಸಕ್ಕರೆ ವೇಗವಾಗಿ ಇಳಿದದ್ದೇ ಇದಕ್ಕೆ ಬಹುಮಟ್ಟಿಗೆ ಕಾರಣ ಎಂಬುದು ಈಗ ಚಾಲ್ತಿಯಲ್ಲಿರುವ ವಿವರಣೆ. ಇನ್ಸುಲಿನ್ ಶುರು ಮಾಡಿದಾಗ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ, ಗರ್ಭಧಾರಣೆಯಲ್ಲಿ ಇದೇ ಮಾದರಿ ಕಾಣುತ್ತದೆ.

ಇದನ್ನು ಓದಿ ಮದ್ದು ನಿಲ್ಲಿಸಬೇಡಿ. ಡಿಸಿಸಿಟಿಯಲ್ಲಿ ಹೀಗೆ ಕೆಟ್ಟವರೂ ಸೇರಿ, ಮುಂದಿನ ವರ್ಷಗಳಲ್ಲಿ ಗೆದ್ದದ್ದು ಬಿಗಿ ನಿಯಂತ್ರಣದವರೇ. ಮಾಡಬೇಕಾದದ್ದು ಕ್ರಮ ಸರಿಪಡಿಸುವುದು. ಎಚ್‌ಬಿಎ1ಸಿ 10ರ ಮೇಲಿದ್ದು ಹೊಸ ಚಿಕಿತ್ಸೆ ಶುರುವಾಗುವುದಿದ್ದರೆ, ಮೊದಲು ಪಾಪೆ ಹಿಗ್ಗಿಸಿ ಕಣ್ಣು ನೋಡಿಸಿ. ರೆಟಿನೋಪತಿ ಇದೆ ಎಂದಾದರೆ ಮೂರು-ನಾಲ್ಕು ತಿಂಗಳಿಗೆ ಮತ್ತೊಮ್ಮೆ. ತೀವ್ರವಾಗಿದ್ದರೆ ಲೇಸರ್ ಅಥವಾ ಇಂಜೆಕ್ಷನ್ ಮುಗಿಸಿಕೊಂಡು ಸಕ್ಕರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಬಗ್ಗೆ ಇಬ್ಬರು ಡಾಕ್ಟರೂ ಮಾತಾಡಿಕೊಳ್ಳಲಿ.

ಇದರ ಜೊತೆ ಗೊಂದಲವಾಗುವ ಇನ್ನೊಂದಿದೆ. ಸಕ್ಕರೆ ಇಳಿಯುವಾಗ ಕಣ್ಣಿನ ಮಸೂರದೊಳಗಿನ ನೀರಿನಂಶ ಬದಲಾಗಿ ಕನ್ನಡಕದ ನಂಬರು ಓಡಾಡುತ್ತದೆ, ಕೆಲವು ವಾರ ಮಂಜುಮಂಜು. ಇದು ರೆಟಿನೋಪತಿ ಅಲ್ಲ. ಸಕ್ಕರೆ ಒಂದು ಮಟ್ಟಕ್ಕೆ ನಿಂತು ನಾಲ್ಕರಿಂದ ಆರು ವಾರ ಆಗುವವರೆಗೆ ಹೊಸ ಕನ್ನಡಕಕ್ಕೆ ದುಡ್ಡು ಸುರಿಯಬೇಡಿ. ಆದರೆ ಮಂಜು ಯಾವುದರಿಂದ ಎಂದು ಮನೆಯಲ್ಲೇ ತೀರ್ಮಾನಿಸಲೂ ಬೇಡಿ.

ಕಿಡ್ನಿಯ ಸಾಲುಗಳನ್ನು ಕಣ್ಣಿಗಾಗಿಯೂ ಓದಿ

ಕಿಡ್ನಿಯ ಸೋಸುವ ಗಂಟುಗಳೂ ರೆಟಿನಾದ ಸೂಕ್ಷ್ಮ ನಾಳಗಳೂ ಒಂದೇ ರೀತಿಯ ಪೆಟ್ಟು ತಿನ್ನುತ್ತವೆ. ಸಕ್ಕರೆಯಿಂದ ಕಿಡ್ನಿ ಕೆಟ್ಟ ಟೈಪ್ 1 ರೋಗಿಯ ಕಣ್ಣಿನಲ್ಲಿ ರೆಟಿನೋಪತಿ ಬಹುತೇಕ ಖಚಿತ. ಟೈಪ್ 2ರಲ್ಲಿ ಅಷ್ಟು ಖಚಿತವಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದು ಕಣ್ಣು ಪೂರ್ತಿ ಸ್ವಚ್ಛ ಇದ್ದರೆ, ಕಿಡ್ನಿಗೆ ಸಕ್ಕರೆ ಅಲ್ಲದ ಬೇರೆ ಕಾರಣ ಇರಬಹುದೇ ಎಂದು ಹುಡುಕಬೇಕಾಗುತ್ತದೆ. ಕಣ್ಣಿನ ರಿಪೋರ್ಟ್ ಕಿಡ್ನಿ ಡಾಕ್ಟರಿಗೆ ಬೇಕಾಗುವುದು ಅದಕ್ಕೇ.

ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸದ ಅಂಕಿಯನ್ನು ಒಂಟಿಯಾಗಿ ನೋಡಿದರೆ ಮೋಸ ಹೋಗುತ್ತೀರಿ. 1.1 ಎಂಬ ಅಂಕಿಯನ್ನೇ ತೆಗೆದುಕೊಳ್ಳಿ. ಮೂವತ್ತರ ಗಂಡಸಿನಲ್ಲಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜಾದ ಇಜಿಎಫ್‌ಆರ್ ಸುಮಾರು 93, ಆರಾಮ. ಎಪ್ಪತ್ತರ ಅಜ್ಜಿಯಲ್ಲಿ ಅದೇ 1.1ಕ್ಕೆ ಸುಮಾರು 54. ಅಂದರೆ ಕಿಡ್ನಿಯ ಕೆಲಸ ಆಗಲೇ ಗಣನೀಯವಾಗಿ ಕುಗ್ಗಿದೆ. ಇಬ್ಬರ ರಿಪೋರ್ಟಿನಲ್ಲೂ ದಪ್ಪಕ್ಷರದ ಎಚ್ಚರಿಕೆ ಇಲ್ಲದಿರಬಹುದು. ಇಜಿಎಫ್‌ಆರ್ ಮುದ್ರಿಸದ ಲ್ಯಾಬಾದರೆ ಕೇಳಿ ಪಡೆಯಿರಿ.

ಸಿಸ್ಟಾಟಿನ್ ಸಿ ಎಂಬ, ಕಿಡ್ನಿಯ ಕೆಲಸ ತಿಳಿಸುವ ಇನ್ನೊಂದು ರಕ್ತ ಪರೀಕ್ಷೆ ಕ್ರಿಯಾಟಿನಿನ್‌ನ ಹಾಗೆ ಸ್ನಾಯುವಿನ ಗಾತ್ರವನ್ನು ಅವಲಂಬಿಸಿಲ್ಲ, ಸಣಕಲು ಮೈಯ ವಯಸ್ಸಾದವರಲ್ಲಿ ಹೆಚ್ಚು ನಿಜ ಹೇಳುತ್ತದೆ. ಭಾರತದ ಹಲವು ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೃಷ್ಟಿಗೆ ಕುತ್ತು ತರುವ ಹಂತದ ರೆಟಿನೋಪತಿಯನ್ನು ರಕ್ತದಿಂದ ಗುರುತಿಸಲು ಹಲವು ಗುರುತುಕಾರಕಗಳನ್ನು ಹೋಲಿಸಿದಾಗ ಮುಂದೆ ನಿಂತದ್ದು ಇದೇ. ಥೈರಾಯ್ಡ್ ಏರುಪೇರು, ಸ್ಟೀರಾಯ್ಡ್ ಮಾತ್ರೆ, ಬೊಜ್ಜು, ಧೂಮಪಾನ ಇದನ್ನೂ ಅಲುಗಿಸುತ್ತವೆ. ಕ್ರಿಯಾಟಿನಿನ್‌ಗಿಂತ ದುಬಾರಿ, ಎಲ್ಲ ಊರಲ್ಲೂ ಸಿಗುವುದಿಲ್ಲ. ಸಿಗುವಲ್ಲಿ, ಕ್ರಿಯಾಟಿನಿನ್ ಮೇಲೆ ಅನುಮಾನ ಇದ್ದಾಗ ಮಾತ್ರ ಮಾಡಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ರಕ್ತದ್ದಲ್ಲದಿದ್ದರೂ ಬಿಡಲಾಗದ್ದು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ಗ್ರಾಂಗೆ 30 ಮಿಲಿಗ್ರಾಂಗಿಂತ ಕೆಳಗೆ ಸರಿ, 30ರಿಂದ 300 ಎಚ್ಚರಿಕೆ, ಮೇಲೆ ಹೋದರೆ ಗಂಭೀರ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಅದ್ದುವ ಕಾಗದದ ಪಟ್ಟಿ ಈ ಆರಂಭದ ಸೋರಿಕೆಯನ್ನು ಹಿಡಿಯುವುದಿಲ್ಲ, ಅಲ್ಲಿ ‘ಇಲ್ಲ’ ಎಂದಿದ್ದರೆ ನಿಶ್ಚಿಂತರಾಗಬೇಡಿ. ಬೆಳಿಗ್ಗೆಯ ಮೊದಲ ಮೂತ್ರ ಕೊಡಿ. ಜ್ವರ, ಉರಿಮೂತ್ರ, ಮುಟ್ಟು, ಹಿಂದಿನ ದಿನದ ಭಾರೀ ವ್ಯಾಯಾಮ ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಒಂದು ಸಲ ಏರಿದ್ದಕ್ಕೆ ಹಣೆಪಟ್ಟಿ ಹಚ್ಚುವುದಿಲ್ಲ, ಮೂರರಿಂದ ಆರು ತಿಂಗಳಲ್ಲಿ ಮೂರು ಸಲಕ್ಕೆ ಎರಡು ಸಲ ಏರಿರಬೇಕು. ಹೀಗೆ ಏರಿದ್ದು ಖಚಿತವಾದವರು ಕಣ್ಣು ತೋರಿಸಿ ವರ್ಷವಾಗಿದ್ದರೆ, ಮುಂದಿನ ವಾರವೇ ಹೋಗಿ.

ಕೊಬ್ಬು, ಮತ್ತು ಫೆನೋಫೈಬ್ರೇಟ್ ಎಂಬ ಒಗಟು

ರೆಟಿನಾದಲ್ಲಿ ಹಳದಿ ಚುಕ್ಕೆಗಳಾಗಿ ಕಾಣುವುದು ನಾಳದಿಂದ ಸೋರಿದ ಕೊಬ್ಬು ಮತ್ತು ಪ್ರೋಟೀನ್. ಅಮೆರಿಕದ ಇಟಿಡಿಆರ್‌ಎಸ್ ಅಧ್ಯಯನದಲ್ಲಿ ಒಟ್ಟು ಕೊಲೆಸ್ಟರಾಲ್ ಅಥವಾ ಎಲ್‌ಡಿಎಲ್ ಹೆಚ್ಚಿದ್ದವರಲ್ಲಿ ಇಂಥ ಚುಕ್ಕೆಗಳು ಸುಮಾರು ಎರಡು ಪಟ್ಟು ಕಂಡವು. ನೋಟದ ನಡುಬಿಂದುವಾದ ಮ್ಯಾಕುಲಾದಲ್ಲಿ ಇವು ಕೂತರೆ ಓದುವುದೇ ಕಷ್ಟ.

ಫೆನೋಫೈಬ್ರೇಟ್ ಎಂಬ ಟ್ರೈಗ್ಲಿಸರೈಡ್ ಇಳಿಸುವ ಮಾತ್ರೆಯ ಕಥೆ ವಿಚಿತ್ರ. ಇದರ ಮೇಲೆ ನಡೆದ ಫೀಲ್ಡ್ ಎಂಬ ಹೆಸರಿನ ಅಧ್ಯಯನದಲ್ಲಿ ಕಣ್ಣಿಗೆ ಲೇಸರ್ ಬೇಕಾದವರು ಶೇ. 4.9ರಿಂದ 3.4ಕ್ಕೆ ಇಳಿದರು. 2010ರ ಅಕಾರ್ಡ್ ಐ ಅಧ್ಯಯನದಲ್ಲಿ ನಾಲ್ಕು ವರ್ಷಕ್ಕೆ ರೆಟಿನೋಪತಿ ಮುಂದುವರಿದವರು ಶೇ. 10.2ರ ಬದಲು 6.5. ಸ್ಕಾಟ್ಲೆಂಡಿನಲ್ಲಿ ಕಣ್ಣಿಗೆಂದೇ ನಡೆದ ಲೆನ್ಸ್ ಎಂಬ ಹೆಸರಿನ ಅಧ್ಯಯನದಲ್ಲಿ (2024) ಶೇ. 29.2ರ ಬದಲು 22.7. ಆದರೆ ಈ ಲಾಭಕ್ಕೂ ರಕ್ತದ ಟ್ರೈಗ್ಲಿಸರೈಡ್ ಎಷ್ಟಿತ್ತು, ಎಷ್ಟು ಇಳಿಯಿತು ಎಂಬುದಕ್ಕೂ ನೇರ ನಂಟು ಸಿಕ್ಕಿಲ್ಲ. ಹಾಗಾಗಿ ಲಿಪಿಡ್ ರಿಪೋರ್ಟ್ ನೋಡಿ ಯಾರಿಗೆ ಇದು ಉಪಯೋಗ ಎಂದು ಹೇಳಲಾಗದು; ಅದನ್ನು ಹೇಳಬೇಕಾದದ್ದು ರೆಟಿನಾದ ಹಂತ. ಇದು ಶುರುವಾದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಗೊತ್ತಿಲ್ಲದಿದ್ದರೆ ಕಿಡ್ನಿ ಹೋಯಿತೆಂದು ಗಾಬರಿಯಾಗುತ್ತದೆ. ಕಿಡ್ನಿ ತುಂಬ ಕುಗ್ಗಿದವರಿಗೆ, ಪಿತ್ತಕೋಶದ ಕಲ್ಲು ಇರುವವರಿಗೆ ಇದು ಆಗದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಮಾತ್ರೆಯಂತೂ ಅಲ್ಲ.

ಪ್ಯಾಕೇಜುಗಳಲ್ಲಿ ಬರುವ ಉಳಿದವು

ಹಿಮೋಗ್ಲೋಬಿನ್ ಬಗ್ಗೆ ಎಚ್‌ಬಿಎ1ಸಿಯ ಮಾತಿನಲ್ಲೇ ಅರ್ಧ ಹೇಳಿಯಾಯಿತು. ಉಳಿದರ್ಧ: ರಕ್ತಹೀನತೆ ತಾನೇ ರೆಟಿನಾಕ್ಕೆ ಆಮ್ಲಜನಕದ ಕೊರತೆ ಮಾಡುತ್ತದೆ. ಇಟಿಡಿಆರ್‌ಎಸ್‌ನಲ್ಲಿ ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಕಡಿಮೆ ಇದ್ದವರಲ್ಲಿ ಅಪಾಯದ ಹಂತಕ್ಕೆ ಜಾರುವುದು ಹೆಚ್ಚಿತ್ತು. ಇದು ಅಗ್ಗದ ಪರೀಕ್ಷೆ, ಸರಿಪಡಿಸಬಹುದಾದ ತೊಂದರೆ.

ಹೋಮೊಸಿಸ್ಟಿನ್, ಯೂರಿಕ್ ಆಸಿಡ್, ಸಿಆರ್‌ಪಿ, ವಿಟಮಿನ್ ಡಿ, ನ್ಯೂಟ್ರೊಫಿಲ್-ಲಿಂಫೊಸೈಟ್ ಅನುಪಾತ, ಪ್ಲೇಟ್‌ಲೆಟ್ ಗಾತ್ರ ಇವೆಲ್ಲಕ್ಕೂ ರೆಟಿನೋಪತಿಗೂ ನಂಟಿದೆ ಎನ್ನುವ ಲೇಖನಗಳು ಬೇಕಾದಷ್ಟಿವೆ. ಒಬ್ಬರ ಕಣ್ಣಿನ ಬಗ್ಗೆ ತೀರ್ಮಾನ ಮಾಡಲು ಯಾವುದೂ ಸಾಲದು. ಒಂದು ನೆಗಡಿ ಜ್ವರ ಬಂದರೆ ನ್ಯೂಟ್ರೊಫಿಲ್ ಅನುಪಾತ ತಲೆಕೆಳಗು. ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಹೊತ್ತು ಕಳೆದಂತೆ ಊದುತ್ತವೆ, ಮಾದರಿ ಲ್ಯಾಬು ತಲುಪುವುದು ತಡವಾದರೆ ಗಾತ್ರ ತಾನಾಗಿ ಏರುತ್ತದೆ. ರೆಟಿನಾದಲ್ಲಿ ಹೊಸ ನಾಳ ಹುಟ್ಟಿಸುವ ವಿಇಜಿಎಫ್ ಅನ್ನು ರಕ್ತದಲ್ಲಿ ಅಳೆಯುವುದೂ ಹೀಗೇ: ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳೇ ಅದನ್ನು ಬಿಡುಗಡೆ ಮಾಡುತ್ತವೆ, ಸೀರಮ್ಮಿನಲ್ಲಿ ಕಂಡದ್ದು ಕಣ್ಣಿನದ್ದೋ ಟ್ಯೂಬಿನದ್ದೋ ತಿಳಿಯದು.

ಹೋಮೊಸಿಸ್ಟಿನ್ ಹೆಚ್ಚಿದೆ ಎಂದು ಬಿ ವಿಟಮಿನ್ನುಗಳನ್ನು ಭಾರೀ ಪ್ರಮಾಣದಲ್ಲಿ ನುಂಗುವವರಿಗೆ ಒಂದು ಮಾತು. ಕೆನಡಾದ ಡಿವೈನ್ ಪರೀಕ್ಷೆಯಲ್ಲಿ (2010) ಸಕ್ಕರೆಯಿಂದ ಕಿಡ್ನಿ ಕೆಟ್ಟವರಿಗೆ ದಿನಕ್ಕೆ ಫೋಲಿಕ್ ಆಸಿಡ್ 2.5, ಬಿ6 25, ಬಿ12 1 ಮಿಲಿಗ್ರಾಂ ಕೊಟ್ಟಾಗ ಹೋಮೊಸಿಸ್ಟಿನ್ ಇಳಿಯಿತು, ಕಿಡ್ನಿ ಇನ್ನೂ ಬೇಗ ಕುಗ್ಗಿತು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಬಿ12 ನೋಡಿಸಿ, ಕೊರತೆ ಇದ್ದರೆ ತುಂಬಿಕೊಳ್ಳುವುದು ಬೇರೆ ವಿಚಾರ. ಅದು ನರಗಳಿಗೆ ಬೇಕು.

ರಕ್ತದಿಂದಲೇ ಕಣ್ಣಿನ ಕಾಯಿಲೆ ಹಿಡಿಯುವ ಪರೀಕ್ಷೆ ಬಂತು ಎಂಬ ಸುದ್ದಿ ಓದಿದಾಗ ಈ ಲೆಕ್ಕ ಹಾಕಿ. ಸ್ಮಾರ್ಟ್ ಇಂಡಿಯಾ ಅಧ್ಯಯನದ ಪ್ರಕಾರ (2022) ದೇಶದ 40 ದಾಟಿದ ಸಕ್ಕರೆ ರೋಗಿಗಳಲ್ಲಿ ಶೇ. 12.5 ಮಂದಿಗೆ ರೆಟಿನೋಪತಿ, ಶೇ. 4 ಮಂದಿಗೆ ದೃಷ್ಟಿಗೆ ಕುತ್ತು ತರುವ ಹಂತ. ಸಾವಿರ ಜನರಲ್ಲಿ 40. ಕಾಯಿಲೆ ಇದ್ದವರಲ್ಲಿ ಶೇ. 80 ಮಂದಿಯನ್ನು ಹಿಡಿದು, ಇಲ್ಲದವರಲ್ಲಿ ಶೇ. 80 ಮಂದಿಯನ್ನು ಸರಿಯಾಗಿ ಬಿಟ್ಟುಕೊಡುವ ಪರೀಕ್ಷೆ ಇದೆ ಎಂದುಕೊಳ್ಳಿ. 40ರಲ್ಲಿ 32 ಸಿಗುತ್ತಾರೆ. ಉಳಿದ 960ರಲ್ಲಿ 192 ಮಂದಿಗೆ ಸುಮ್ಮನೆ ಗಾಬರಿ. ನಿಜವಾಗಿ ಕುತ್ತಿನಲ್ಲಿರುವ 8 ಮಂದಿ ಏನೂ ಇಲ್ಲವೆಂದು ಮನೆಗೆ ಹೋಗುತ್ತಾರೆ. ಕ್ಯಾಮೆರಾ ಮತ್ತು ಡಾಕ್ಟರು ಇಲ್ಲದ ಕಡೆ ಯಾರನ್ನು ಮೊದಲು ಕಳಿಸಬೇಕು ಎಂದು ಆರಿಸಲು ಇಂಥದ್ದು ಉಪಯುಕ್ತ. ಕಣ್ಣಾಸ್ಪತ್ರೆ ಬಸ್ಸಿನ ದೂರದಲ್ಲಿರುವವರಿಗೆ ಅಲ್ಲ.

ಹಾಗಾದರೆ ಕ್ರಮ

ಟೈಪ್ 2 ಗೊತ್ತಾದ ದಿನಗಳಲ್ಲೇ ಮೊದಲ ಕಣ್ಣಿನ ತಪಾಸಣೆ, ಏಕೆಂದರೆ ಕಾಯಿಲೆ ಎಷ್ಟು ವರ್ಷದಿಂದ ಒಳಗಿತ್ತೋ ಯಾರಿಗೂ ತಿಳಿಯದು. ಟೈಪ್ 1 ಆದರೆ ಐದು ವರ್ಷದೊಳಗೆ. ಮೊದಲೇ ಸಕ್ಕರೆ ಕಾಯಿಲೆ ಇದ್ದು ಗರ್ಭಿಣಿಯಾದವರಿಗೆ ಮೊದಲ ಮೂರು ತಿಂಗಳಲ್ಲಿ. ಏನೂ ಇಲ್ಲವೆಂದರೆ ವರ್ಷಕ್ಕೊಮ್ಮೆ, ಸೌಮ್ಯ ಹಂತಕ್ಕೆ 6ರಿಂದ 12 ತಿಂಗಳು, ಮಧ್ಯಮಕ್ಕೆ 3ರಿಂದ 6, ತೀವ್ರಕ್ಕೆ ಮೂರು ತಿಂಗಳೊಳಗೆ. ಚಾರ್ಟಿನ ಕೊನೆಯ ಸಾಲು ಓದಿದ್ದೇನೆ ಎಂಬುದು ಲೆಕ್ಕಕ್ಕಿಲ್ಲ. ರೆಟಿನಾದ ಅಂಚಿನಲ್ಲಿ ಹೊಸ ನಾಳಗಳು ಬೆಳೆದಿದ್ದರೂ ದೃಷ್ಟಿ 6/6 ಇರಬಹುದು.

ಹನಿ ಹಾಕಿ ಪಾಪೆ ಹಿಗ್ಗಲು 20ರಿಂದ 30 ನಿಮಿಷ, ಮಂಜು ಹೋಗಲು ನಾಲ್ಕರಿಂದ ಆರು ಗಂಟೆ. ಬೈಕ್ ತರಬೇಡಿ, ತಂಪು ಕನ್ನಡಕ ಇರಲಿ. ಕೈಯಲ್ಲಿ ಎಚ್‌ಬಿಎ1ಸಿಯ ಹಳೆಯ ಪಟ್ಟಿ, ಹಿಮೋಗ್ಲೋಬಿನ್, ಇಜಿಎಫ್‌ಆರ್, ಮೂತ್ರದ ಅನುಪಾತ, ಲಿಪಿಡ್ ಇರಲಿ. ಬಿಪಿ ಅಂಕಿಯೂ ಇರಲಿ. ಯುಕೆಪಿಡಿಎಸ್‌ನಲ್ಲಿ ಬಿಪಿಯನ್ನು ಸರಾಸರಿ 154/87ರ ಬದಲು 144/82ರಲ್ಲಿ ಇಟ್ಟದ್ದಕ್ಕೇ ರೆಟಿನೋಪತಿ ಮುಂದುವರಿಯುವುದು ಶೇ. 34ರಷ್ಟು ತಗ್ಗಿತ್ತು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಕಣ್ಣಲ್ಲಿ ರಕ್ತಸ್ರಾವವಾದೀತೆಂದು ತಾವಾಗಿ ನಿಲ್ಲಿಸಬೇಡಿ. ಇಟಿಡಿಆರ್‌ಎಸ್‌ನಲ್ಲಿ ದಿನಕ್ಕೆ 650 ಮಿಲಿಗ್ರಾಂ ಕೊಟ್ಟಾಗಲೂ ಕಣ್ಣಿನೊಳಗಿನ ರಕ್ತಸ್ರಾವ ಹೆಚ್ಚಲಿಲ್ಲ.

ಇಷ್ಟೂ ಆರಾಮವಾಗಿ ಮಾಡುವ ಕೆಲಸ. ಒಮ್ಮೆಲೇ ಕಣ್ಣ ಮುಂದೆ ಕಪ್ಪು ಎಳೆಗಳು ತೇಲಿದರೆ, ಮಿಂಚು ಕಂಡರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ಮಾತ್ರ ಲ್ಯಾಬಿನ ಕಡೆ ತಿರುಗಬೇಡಿ. ಅವತ್ತೇ ಕಣ್ಣಾಸ್ಪತ್ರೆಗೆ ಹೋಗಿ, ರಕ್ತವನ್ನು ಮರುದಿನ ಕೊಟ್ಟರಾಯಿತು.